ನಿಂತವರು, ಕೂತವರು

ಟಿ.ವಿ.ಯ ಹಾಡಿನ ಸ್ಪರ್ಧೆಗಳನ್ನು ವರ್ಷಗಟ್ಟಲೆ ಬಿಡದೆ ನೋಡಿದವರನ್ನು ಕೇಳಿ ನೋಡಿ. ಹಿಂದಿನ ಸೀಸನ್‌ನಲ್ಲಿ ಎರಡನೆಯ ಸ್ಥಾನ ಯಾರಿಗೆ ಬಂತು ಅಂದರೆ ತಲೆ ಕೆರೆದುಕೊಳ್ಳುತ್ತಾರೆ. ಆ್ಯಂಕರ್ ಯಾವ ಜಡ್ಜ್‌ನ ಕಾಲೆಳೆದರು, ಅದಕ್ಕೆ ಜಡ್ಜ್ ಕೊಟ್ಟ ತಿರುಗೇಟು ಏನು ಅಂದರೆ ಥಟ್ಟನೆ ಹೇಳುತ್ತಾರೆ, ದನಿಯನ್ನೂ ಅನುಕರಿಸಿ. ಹಾಡು ಕೇಳಲು ಕೂತವರು ಜಗಳ ನೋಡಿ ಎದ್ದರು ಅನ್ನಿ. ನಿಜವಾದ ಜಗಳವೇನಲ್ಲ, ಹುಸಿಮುನಿಸು. ಆದರೆ ಎಷ್ಟೋ ಸಲ ಇಡೀ ಕಾರ್ಯಕ್ರಮ ನಿಂತಿರುವುದು ಅದರ ಮೇಲೆಯೇ.

ಇದನ್ನೆಲ್ಲ ಟಿ.ಆರ್.ಪಿ. ಗಿಮಿಕ್ ಎಂದು ಒಂದೇ ಮಾತಿನಲ್ಲಿ ಮುಗಿಸುವವರಿದ್ದಾರೆ. ಗಿಮಿಕ್ ಹೌದು. ಗಿಮಿಕ್ಕಿನಲ್ಲೂ ಬಾಳಿದ್ದು, ಬಾಳದ್ದು ಎಂದಿದೆಯಲ್ಲ? ಅಮೆರಿಕದಲ್ಲಿ ಒಬ್ಬ ಆ್ಯಂಕರ್, ಒಬ್ಬ ಜಡ್ಜ್ ಒಂಬತ್ತು ಸೀಸನ್ ಒಬ್ಬರನ್ನೊಬ್ಬರು ಚುಚ್ಚಿಕೊಂಡೇ ಕಳೆದರು. ಜನಕ್ಕೆ ಬೇಸರ ಬರಲಿಲ್ಲ. ಅದೇ ಜಡ್ಜ್, ಅದೇ ಜಾತಿಯ ಕಾರ್ಯಕ್ರಮ, ಆ್ಯಂಕರ್ ಮಾತ್ರ ಬೇರೆ ಎಂದಾಗ ಒಂದೇ ವರ್ಷಕ್ಕೆ ಆ್ಯಂಕರ್ ಮನೆಗೆ ಹೋದರು. ವ್ಯತ್ಯಾಸ ಎಲ್ಲಿತ್ತು? ನನ್ನ ಮಟ್ಟಿಗೆ ಉತ್ತರವನ್ನು ಆ್ಯಂಕರ್‌ನಲ್ಲೋ ಜಡ್ಜ್‌ನಲ್ಲೋ ಹುಡುಕಿ ಫಲವಿಲ್ಲ. ಇಬ್ಬರ ನಡುವೆ ಮೈಕ್ ಹಿಡಿದು ಬೆವರುತ್ತ ನಿಂತ ಮೂರನೆಯವರ ಕಡೆ ನೋಡಬೇಕು.

ಹುಸಿಜಗಳದ ಚರಿತ್ರೆ ಟಿ.ವಿ.ಗಿಂತ ಹಳೆಯದು. 1936ರ ಡಿಸೆಂಬರ್ 30ರಂದು ಅಮೆರಿಕದ ರೇಡಿಯೊ ಹಾಸ್ಯಗಾರ ಫ್ರೆಡ್ ಅಲೆನ್ ಅವರ ಕಾರ್ಯಕ್ರಮದಲ್ಲಿ ಹತ್ತು ವರ್ಷದ ಹುಡುಗನೊಬ್ಬ ಪಿಟೀಲು ನುಡಿಸಿದ. ಹುಡುಗನನ್ನು ಹೊಗಳುವ ಭರದಲ್ಲಿ ಅಲೆನ್, ಇದನ್ನು ಕೇಳಿ ಜಾಕ್ ಬೆನ್ನಿ ನಾಚಿಕೊಳ್ಳಬೇಕು ಎಂಬರ್ಥದ ಮಾತೊಂದನ್ನು ಎಸೆದರು. ಬೆನ್ನಿ ಇನ್ನೊಂದು ಕಾರ್ಯಕ್ರಮದ ಹಾಸ್ಯಗಾರ. ಪಿಟೀಲನ್ನು ಕೆಟ್ಟದಾಗಿ ಕೊಯ್ಯುವುದೇ ಅವರ ಹಾಸ್ಯದ ಬಂಡವಾಳ. ಅವರು ತಮ್ಮ ಕಾರ್ಯಕ್ರಮದಲ್ಲಿ ಉತ್ತರ ಕೊಟ್ಟರು. ವಾರ ವಾರ ಬೆಳೆದು ಅದು ದೇಶವೇ ಕಿವಿಗೊಟ್ಟ ಜಗಳವಾಯಿತು. 1937ರ ಮಾರ್ಚ್ 14ರಂದು ನ್ಯೂಯಾರ್ಕಿನ ಪಿಯೆರ್ ಹೋಟೆಲಿನಲ್ಲಿ ಇಬ್ಬರ ಮುಖಾಮುಖಿ ಏರ್ಪಟ್ಟಿತು. ಹೊಡೆದಾಡಲು ಹೊರಗೆ ಹೋದವರು ನಗುತ್ತ ಒಳಗೆ ಬಂದರು. ಇಬ್ಬರೂ ಮೊದಲಿನಿಂದಲೂ ಸ್ನೇಹಿತರೇ. ಆಮೇಲೂ ಹತ್ತು ವರ್ಷಕ್ಕೆ ಮೀರಿ ಆ ಜಗಳವನ್ನು ಜೀವಂತವಾಗಿಟ್ಟರು. ಶುರುವಾದದ್ದು ಪ್ರತಿಭೆ ತೋರಿಸಲು ಬಂದ ಒಂದು ಮಗುವಿನ ನೆಪದಲ್ಲಿ, ಹೆಸರಾದವರು ಇಬ್ಬರು ದೊಡ್ಡವರು ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಸಾಕು. ಮುಂದಿನ ಎಂಬತ್ತು ವರ್ಷದ ಕಥೆ ಅದರಲ್ಲೇ ಇದೆ.

ಉತ್ತರ ಕರ್ನಾಟಕದಲ್ಲಿ ಹರದೇಶಿ–ನಾಗೇಶಿ ಕೇಳಿ ಬೆಳೆದವರಿಗೆ ಇದರಲ್ಲಿ ಬೆರಗೇನೂ ಕಾಣದು. ಗಂಡು ಹೆಚ್ಚೆಂದು ಒಂದು ಮೇಳ, ಹೆಣ್ಣು ಹೆಚ್ಚೆಂದು ಇನ್ನೊಂದು ಮೇಳ ರಾತ್ರಿಯಿಡೀ ಗೀಗೀ ಪದದಲ್ಲಿ ಕಚ್ಚಾಡುತ್ತವೆ. ಒಂದೇ ಮೇಳವನ್ನು ಕರೆಸಿದರೆ ರಂಗೇರುವುದಿಲ್ಲ. ಆದರೆ ಅಲ್ಲಿ ಜಗಳವಾಡುವವರೇ ಹಾಡುವವರು. ಟಿ.ವಿ.ಯಲ್ಲಿ ಹಾಡುವವರು ಒಬ್ಬರು, ಜಗಳವಾಡುವವರು ಇನ್ನಿಬ್ಬರು. ತೊಡಕು ಹುಟ್ಟುವುದು ಇಲ್ಲಿಯೇ.

ಟಿ.ವಿ.ಯ ಮೊದಲ ದಿನಗಳಲ್ಲಿ ಆ್ಯಂಕರ್, ಜಡ್ಜ್ ಎಂಬ ಎರಡು ಪಾತ್ರಗಳು ಬೇರೆಯಾಗಿರಲಿಲ್ಲ. ಬ್ರಿಟನ್ನಿನ ‘ಆಪರ್ಚ್ಯುನಿಟಿ ನಾಕ್ಸ್’ನಲ್ಲಿ ಹ್ಯೂಯಿ ಗ್ರೀನ್ ಅವರೇ ಎಲ್ಲ. ಚಪ್ಪಾಳೆಯ ಜೋರು ತೋರಿಸುವ ಯಂತ್ರವೊಂದಿತ್ತು. ನಿಜವಾದ ತೀರ್ಪು ಬರುತ್ತಿದ್ದುದು ವೀಕ್ಷಕರ ಕಾಗದಗಳಲ್ಲಿ. 1973ರಲ್ಲಿ ಬಂದ ‘ನ್ಯೂ ಫೇಸಸ್’ ತೀರ್ಪುಗಾರರಿಗೆಂದು ಮೇಜು ಹಾಕಿ ಟೋನಿ ಹ್ಯಾಚ್, ಮಿಕಿ ಮೋಸ್ಟ್ ಅವರಂಥ ಸಂಗೀತೋದ್ಯಮದ ಪಳಗಿದ ಕೈಗಳನ್ನು ಕೂರಿಸಿತು. ಹ್ಯಾಚ್ ಅವರದು ಹರಿತವಾದ ನಾಲಿಗೆ. ಆದರೆ ಆ್ಯಂಕರ್ ಡೆರೆಕ್ ಹಾಬ್ಸನ್ ಪರಿಚಯ ಮಾಡಿಕೊಟ್ಟು ಪಕ್ಕಕ್ಕೆ ಸರಿಯುವವರು. ಮೇಜಿನವರ ಜೊತೆ ಮಾತಿಗೆ ಮಾತು ಬೆಳೆಸುವ ಪದ್ಧತಿ ಇನ್ನೂ ಹುಟ್ಟಿರಲಿಲ್ಲ. ಅಮೆರಿಕದಲ್ಲಿ 1976ರಲ್ಲಿ ಶುರುವಾದ ‘ಗಾಂಗ್ ಷೋ’ ಆ ಗಡಿಯನ್ನು ಗಲಾಟೆ ಮಾಡಿಕೊಂಡೇ ದಾಟಿತು. ಹಿಡಿಸದ ಸ್ಪರ್ಧಿಯನ್ನು ಜಾಗಟೆ ಬಾರಿಸಿ ಓಡಿಸುವ ಕಾರ್ಯಕ್ರಮ ಅದು. ಆ್ಯಂಕರ್ ಚಕ್ ಬ್ಯಾರಿಸ್, ಜಡ್ಜ್ ಜೇ ಪಿ. ಮಾರ್ಗನ್ ನಡುವೆ ಹದ್ದುಮೀರಿದ ತಮಾಷೆ ನಡೆಯುತ್ತಿತ್ತು. ಆದರೆ ಅಲ್ಲಿ ಯಾರೂ ಯಾರ ಭವಿಷ್ಯವನ್ನೂ ತೀರ್ಮಾನಿಸುತ್ತಿರಲಿಲ್ಲ. ಎಲ್ಲವೂ ಆಟವಾದಾಗ ಕಾಲೆಳೆತಕ್ಕೆ ಖಾರ ಬರುವುದಿಲ್ಲ.

ಖಾರ ಬಂದದ್ದು ‘ಐಡಲ್’ನಿಂದ. 2001ರ ಅಕ್ಟೋಬರ್‌ನಲ್ಲಿ ಬ್ರಿಟನ್ನಿನಲ್ಲಿ ‘ಪಾಪ್ ಐಡಲ್’ ಶುರುವಾಯಿತು. 2002ರ ಜೂನ್ 11ರಂದು ಅಮೆರಿಕದ ಫಾಕ್ಸ್ ಚಾನೆಲ್‌ನಲ್ಲಿ ‘ಅಮೆರಿಕನ್ ಐಡಲ್’. ಸೈಮನ್ ಕೋವೆಲ್ ಎರಡರಲ್ಲೂ ಜಡ್ಜ್. ಅಮೆರಿಕದ ಮೊದಲ ಸೀಸನ್‌ಗೆ ಆ್ಯಂಕರ್‌ಗಳು ಇಬ್ಬರು: ರಯಾನ್ ಸೀಕ್ರೆಸ್ಟ್ ಮತ್ತು ಬ್ರಯಾನ್ ಡಂಕಲ್‌ಮನ್. ಸೀಸನ್ ಮುಗಿದ ಮೇಲೆ ಡಂಕಲ್‌ಮನ್ ಹೊರಬಿದ್ದರು. ಇಬ್ಬರು ಆ್ಯಂಕರ್‌ಗಳಿದ್ದಾಗ ಅವರವರಲ್ಲೇ ಮಾತು ಮುಗಿದುಹೋಗುತ್ತದೆ. ಒಬ್ಬರೇ ಉಳಿದಾಗ ಮಾತಿಗೆ ಜೊತೆ ಬೇಕು, ಮೇಜಿನ ಕಡೆ ತಿರುಗಲೇಬೇಕು. ಸೀಕ್ರೆಸ್ಟ್–ಕೋವೆಲ್ ಜೋಡಿ ಕೂಡಿಬಂದದ್ದರಲ್ಲಿ ಈ ಆಕಸ್ಮಿಕಕ್ಕೂ ಪಾಲಿದೆ.

ನೇರ ಪ್ರಸಾರದಲ್ಲಿ ಹಾಡು ಮುಗಿದ ಮೇಲಿನ ಎರಡು ನಿಮಿಷವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ವಾದ್ಯಗಳು ನಿಂತಿವೆ. ಹುಡುಗಿಗೆ ಏದುಸಿರು. ಸೀಕ್ರೆಸ್ಟ್ ಬದಿಯಿಂದ ಬಂದು ಅವಳ ಪಕ್ಕಕ್ಕೆ ನಿಲ್ಲುತ್ತಾರೆ. ಎದುರಿನ ಮೇಜಿನ ಹಿಂದೆ ಮೂವರು, ಮುಂದೆ ಕೋಕಾ-ಕೋಲಾ ಎಂದು ಬರೆದ ಕೆಂಪು ಲೋಟಗಳು; ಅದಕ್ಕೆ ಕಂಪನಿ ಕಾಸು ಕೊಟ್ಟಿದೆ. ಮೊದಲು ರ‍್ಯಾಂಡಿ ಜಾಕ್ಸನ್, ಓರಗೆಯವನ ಸಲಿಗೆಯಲ್ಲಿ ಎರಡು ಮಾತು. ಆಮೇಲೆ ಪೌಲಾ ಅಬ್ದುಲ್. ಹಾಡು ಹೇಗೇ ಇರಲಿ, ಹುಡುಗಿ ಚೆನ್ನಾಗಿ ಕಾಣುತ್ತಿದ್ದಾಳೆ ಎಂದಾದರೂ ಹೇಳುತ್ತಾರೆ. ಕೊನೆಗೆ ಕೋವೆಲ್. ಕಪ್ಪು ಟೀ-ಶರ್ಟ್, ಒಂದಿಷ್ಟು ಮೌನ, ಆಮೇಲೆ ಹಡಗಿನ ಪ್ರವಾಸದಲ್ಲಿ ಊಟದ ಹೊತ್ತಿಗೆ ಕೇಳುವ ಹಾಡು ಎಂದೋ, ಕ್ಯಾರಿಯೋಕೆ ಎಂದೋ ಒಂದೇ ಏಟು. ಸಭಾಂಗಣ ಬೂ ಎನ್ನುತ್ತದೆ. ಹುಡುಗಿಯ ಕೆಳತುಟಿ ಅದುರುತ್ತದೆ. ಕ್ಯಾಮೆರಾ ಅಲ್ಲಿಗೇ ಹೋಗಿ ನಿಲ್ಲುತ್ತದೆ. ಆ ಗಳಿಗೆಯಲ್ಲಿ ಸೀಕ್ರೆಸ್ಟ್ ಕೋವೆಲ್‌ರ ಟೀ-ಶರ್ಟ್ ಬಗ್ಗೆಯೋ, ಎದೆಗೇರಿದ ಪ್ಯಾಂಟಿನ ಬಗ್ಗೆಯೋ ಒಂದು ಮಾತು ಬಿಡುತ್ತಾರೆ. ಕೋವೆಲ್ ಸೀಕ್ರೆಸ್ಟ್‌ರ ಎತ್ತರವನ್ನೋ ಕೂದಲನ್ನೋ ಎತ್ತಿ ಆಡುತ್ತಾರೆ. ಸಭೆ ನಗುತ್ತದೆ. ಹುಡುಗಿಯೂ ನಗುತ್ತಾಳೆ. ಅಷ್ಟರಲ್ಲಿ ಅವಳಿಗೆ ಮತ ಹಾಕುವ ಫೋನ್ ನಂಬರ್ ಪರದೆಯ ಮೇಲೆ ಬಂದಿದೆ.

ಆ ಒಂದು ಮಾತು ಎಷ್ಟು ಕೆಲಸ ಮಾಡಿತು ನೋಡಿ. ಅಳು ತಪ್ಪಿತು. ಬೂ ಎಂದ ಜನರ ಸಿಟ್ಟಿಗೆ ಒಂದು ದಾರಿ ಸಿಕ್ಕಿತು. ತೀರ್ಪು ಕಟುವಾದರೂ ಕೊಟ್ಟವರು ಅಷ್ಟೇನೂ ಕೆಟ್ಟವರಲ್ಲ ಎಂದಾಯಿತು. ನಾಳೆಯೂ ಅವರು ಕಟುವಾಗಿಯೇ ಮಾತಾಡಬಹುದು. ಇನ್ನೊಂದು ಕೆಲಸ ವೀಕ್ಷಕರಿಗೆ ಕಾಣುವುದೇ ಇಲ್ಲ. ಆ್ಯಂಕರ್‌ನ ಕಿವಿಯಲ್ಲಿ ಕಂಟ್ರೋಲ್ ರೂಮಿನ ದನಿ ಉಳಿದ ಸೆಕೆಂಡುಗಳನ್ನು ಎಣಿಸುತ್ತಿರುತ್ತದೆ. ಹೊತ್ತು ಮಿಕ್ಕರೆ ಕಾಲೆಳೆತ ಹಿಗ್ಗುತ್ತದೆ, ಹೊತ್ತು ಮೀರಿದರೆ ಒಂದೇ ಚುಚ್ಚುಮಾತಿಗೆ ಮುಗಿದು ಜಾಹೀರಾತು ಬರುತ್ತದೆ. ಹಾಡನ್ನು ಹಿಗ್ಗಿಸಲಾಗದು, ಜಾಹೀರಾತನ್ನು ಕುಗ್ಗಿಸಲಾಗದು. ಹಿಗ್ಗಿ ಕುಗ್ಗುವ ಸರಕು ಈ ಮಾತೊಂದೇ.

ಬಲಾಬಲದ ಲೆಕ್ಕ ಇನ್ನೂ ಸ್ವಾರಸ್ಯವಾದದ್ದು. ಆಡಿಷನ್‌ನಲ್ಲಿ ಜಡ್ಜ್ ದೊರೆ. ಹೂಂ ಅಂದರೆ ಒಳಗೆ, ಊಹೂಂ ಅಂದರೆ ಹೊರಗೆ. ಸಾರ್ವಜನಿಕರ ಮತ ಶುರುವಾದ ದಿನ ಆ ಅಧಿಕಾರ ಕೈಬಿಡುತ್ತದೆ. ಕೋವೆಲ್ ಎಷ್ಟೇ ಗುಡುಗಿದರೂ ಯಾರು ಉಳಿಯಬೇಕೆಂಬುದು ಫೋನಿನವರ ಕೈಯಲ್ಲಿ. 2007ರಲ್ಲಿ ಸಂಜಯ ಮಲಾಕರ್ ಎಂಬ ಭಾರತೀಯ ಮೂಲದ ಹುಡುಗನನ್ನು ಕೋವೆಲ್ ಎಷ್ಟು ಜರೆದರೋ ಜನ ಅಷ್ಟೇ ಹಟದಿಂದ ವಾರ ವಾರ ಉಳಿಸಿಕೊಂಡರು; ಅವನು ಗೆದ್ದರೆ ತಾನು ಬಿಟ್ಟುಹೋಗುವುದಾಗಿ ಕೋವೆಲ್ ಹೇಳಬೇಕಾಯಿತು. ಫಲಿತಾಂಶದ ಚೀಟಿ ಯಾರ ಕೈಯಲ್ಲಿ? ಸೀಕ್ರೆಸ್ಟ್ ಕೈಯಲ್ಲಿ. ಅವರಿಗೂ ತೀರ್ಮಾನಿಸುವ ಅಧಿಕಾರವಿಲ್ಲ, ಓದುವ ಅಧಿಕಾರ ಮಾತ್ರ. ದೀಪ ಮಂಕು ಮಾಡಿಸಿ, ಎಳೆದು ಎಳೆದು ಓದುವ ಅಧಿಕಾರ. ಅಂದರೆ ಇಬ್ಬರ ಕೈಯೂ ಬರಿದೇ. ಇದು ಬಯಲಾದರೆ ವೇದಿಕೆ ಸಪ್ಪೆಯಾಗುತ್ತದೆ. ನೀನು ಹೆಚ್ಚೋ ನಾನು ಹೆಚ್ಚೋ ಎಂಬ ಆಟ ಆ ಬರಿಗೈಯನ್ನು ಮುಚ್ಚುವ ಶಲ್ಯ.

2003–04ರಿಂದ 2010–11ರವರೆಗೆ ಸತತ ಎಂಟು ಸೀಸನ್ ಅಮೆರಿಕದ ಅತಿ ಹೆಚ್ಚು ನೋಡುಗರ ಕಾರ್ಯಕ್ರಮವಾಗಿ ‘ಐಡಲ್’ ಉಳಿಯಿತು. ಎಲ್ಲ ಶ್ರೇಯಸ್ಸನ್ನೂ ಈ ಜೋಡಿಗೆ ಕಟ್ಟುವುದು ಅತಿಯಾದೀತು. ಕೆಲ್ಲಿ ಕ್ಲಾರ್ಕ್‌ಸನ್‌ರಂಥ ಸ್ಪರ್ಧಿಗಳ ದನಿಯಿಲ್ಲದಿದ್ದರೆ ಯಾವ ತಮಾಷೆಯೂ ನಿಲ್ಲುತ್ತಿರಲಿಲ್ಲ. ಆದರೆ ದುಡ್ಡು ಹಾಕುವವರಿಗೆ ಇದರ ಬೆಲೆ ಗೊತ್ತಿತ್ತು. 2009ರಲ್ಲಿ ಸೀಕ್ರೆಸ್ಟ್ ಜೊತೆ ಆದ ಮೂರು ವರ್ಷದ ಒಪ್ಪಂದದ ಮೊತ್ತ 4.5 ಕೋಟಿ ಡಾಲರ್ ಎಂದು ವರದಿಯಾಗಿತ್ತು. ಬರೀ ಹೆಸರು ಕರೆದು ಮೈಕ್ ಕೊಡುವವರಿಗೆ ಯಾರೂ ಅಷ್ಟು ಎಣಿಸುವುದಿಲ್ಲ.

ಇದೇ ಜೋಡಿ ಹದ ತಪ್ಪಿದ್ದೂ ಉಂಟು. 2007ರ ಮಾರ್ಚ್‌ನ ಒಂದು ಕಂತಿನಲ್ಲಿ ಎತ್ತರದ ಹಿಮ್ಮಡಿಯ ಬೂಟಿನ ಬಗ್ಗೆ ಶುರುವಾದ ಹಾಸ್ಯ ನೋಡನೋಡುತ್ತ ಸೀಕ್ರೆಸ್ಟ್ ಸಲಿಂಗಿಯೇ ಎಂಬ ಕುಚೋದ್ಯಕ್ಕೆ ಇಳಿಯಿತು. ಸೀಕ್ರೆಸ್ಟ್ ಅದೇ ಧಾಟಿಯಲ್ಲಿ ತಿರುಗಿಸಿ ಕೊಟ್ಟರು. ಸಲಿಂಗಿಗಳ ಪರವಾದ ಗ್ಲಾಡ್ ಸಂಸ್ಥೆ ಇದಕ್ಕೆ ಆಕ್ಷೇಪ ಎತ್ತಿತು. ಅದು ಎತ್ತಿದ್ದು ಸರಿ ಎಂದೇ ನನಗನ್ನಿಸುತ್ತದೆ. ಗಂಡಸೊಬ್ಬ ಸಲಿಂಗಿ ಇರಬಹುದು ಎಂಬುದೇ ನಗೆಯ ಸರಕಾದರೆ, ಅಲ್ಲಿ ಅವಮಾನವಾಗುವುದು ವೇದಿಕೆಯಲ್ಲಿ ಇಲ್ಲದವರಿಗೆ. ಟೀ-ಶರ್ಟನ್ನು ಆಡಿಕೊಂಡರೆ ಅದನ್ನು ಹಾಕಿಕೊಂಡವರಿಗೆ ಮಾತ್ರ ತಗುಲುತ್ತದೆ. ಈ ಮಾತು ತಗುಲುವುದು ಮನೆಯಲ್ಲಿ ಸುಮ್ಮನೆ ಕೂತು ನೋಡುತ್ತಿರುವ ಯಾವುದೋ ಹುಡುಗನಿಗೆ.

ಇನ್ನೊಂದು ಸಲ, 2010ರಲ್ಲಿ, ಸೀಕ್ರೆಸ್ಟ್ ವೇದಿಕೆಯಿಂದಿಳಿದು ಜಡ್ಜ್‌ಗಳ ಮೇಜಿನ ಬಳಿಗೇ ಹೋಗಿ ಕೋವೆಲ್‌ರ ಮೂಗಿಗೆ ಮೂಗು ತಾಗುವಷ್ಟು ಹತ್ತಿರ ನಿಂತರು. ಮಾತು ತಮಾಷೆಯದೇ ಆದರೂ ಯಾರಿಗೂ ನಗು ಬರಲಿಲ್ಲ. ಅದು ಕೋವೆಲ್‌ರ ಕೊನೆಯ ಸೀಸನ್. ಜನ ಮಾರನೆಯ ದಿನ ಕೇಳಿಕೊಂಡದ್ದು ಒಂದೇ, ಇವರಿಬ್ಬರಿಗೆ ನಿಜವಾಗಿ ಏನಾಗಿದೆ? ನನ್ನ ಕಣ್ಣಿಗೆ ಬೀಳುವುದು ಬೇರೆ. ಆ ದೃಶ್ಯದಲ್ಲಿ ಸ್ಪರ್ಧಿ ವೇದಿಕೆಯ ಮೇಲೆ ಒಂಟಿ. ಪಕ್ಕದಲ್ಲಿ ನಿಲ್ಲಬೇಕಾದವರು ಎದುರು ಪಾಳಯಕ್ಕೆ ಹೋಗಿ ನಿಂತಿದ್ದಾರೆ. ಸೀಕ್ರೆಸ್ಟ್‌ರ ಬಲವೆಲ್ಲ ಇದ್ದದ್ದು ಸ್ಪರ್ಧಿಯ ಭುಜಕ್ಕೆ ಭುಜ ಕೊಟ್ಟು ನಿಲ್ಲುವುದರಲ್ಲಿ. ಅಲ್ಲಿಂದ ಎಸೆದ ಮಾತು ವಕಾಲತ್ತಾಗುತ್ತದೆ. ಮೇಜಿನ ಬಳಿ ಹೋಗಿ ಆಡಿದರೆ ಸ್ವಂತದ ಕಲಹವಾಗುತ್ತದೆ.

ಬ್ರಿಟನ್ನಿನ ಆ್ಯಂಕರ್ ಜೋಡಿ ಆ್ಯಂಟ್–ಡೆಕ್‌ಗೆ ಈ ಗುಟ್ಟು ಚೆನ್ನಾಗಿ ಗೊತ್ತು. 2007ರಲ್ಲಿ ಶುರುವಾದ ‘ಬ್ರಿಟನ್ಸ್ ಗಾಟ್ ಟ್ಯಾಲೆಂಟ್’ನಲ್ಲಿ ಅವರು ನಿಲ್ಲುವುದು ವೇದಿಕೆಯ ಪಕ್ಕದ ಪರದೆಯ ಮರೆಯಲ್ಲಿ. ಕೋವೆಲ್ ಹುಬ್ಬೇರಿಸಿದರೆ ಇವರು ಅಲ್ಲಿಂದಲೇ ಮುಖ ಕಿವುಚುತ್ತಾರೆ, ನೇರ ಕ್ಯಾಮೆರಾ ನೋಡಿ. 2009ರಲ್ಲಿ ಸೂಸನ್ ಬಾಯ್ಲ್ ಎಂಬ ಸ್ಪರ್ಧಿ ಹಾಡಿಗೆ ಬಾಯಿ ತೆರೆದಾಗ ಜಡ್ಜ್‌ಗಳ ಮುಖ ಬದಲಾದದ್ದನ್ನು ಜಗತ್ತೇ ನೋಡಿತು. ಪರದೆಯ ಮರೆಯಿಂದ ಈ ಇಬ್ಬರು ನಮ್ಮ ಕಡೆ ತಿರುಗಿ, ಇದನ್ನು ನೀವು ಎಣಿಸಿರಲಿಲ್ಲ ಅಲ್ಲವೇ ಎಂಬಂತೆ ಕೆಣಕಿದ್ದೂ ಆ ದೃಶ್ಯದ ಅರ್ಧ ಸೊಗಸು. ಕೋವೆಲ್‌ರನ್ನು ಅವರು ಸದಾ ಕೆಣಕುತ್ತಾರೆ. ಆದರೆ ಒಳಗಿನಿಂದ ಹೊರಬಂದ ಸ್ಪರ್ಧಿಯನ್ನು ಮೊದಲು ತಬ್ಬಿಕೊಳ್ಳುವವರೂ ಅವರೇ.

ಕೋವೆಲ್ ‘ಐಡಲ್’ ಬಿಟ್ಟು 2011ರಲ್ಲಿ ಅಮೆರಿಕಕ್ಕೆ ‘ಎಕ್ಸ್ ಫ್ಯಾಕ್ಟರ್’ ತಂದಾಗ ಸ್ಟೀವ್ ಜೋನ್ಸ್ ಎಂಬ ಆ್ಯಂಕರ್ ಬಂದರು. ಸುಂದರಾಂಗ, ಎತ್ತರದ ಆಳು. ಆದರೆ ಗಡಿಯಾರದ ಭಯ. ಜಡ್ಜ್ ಮಾತು ಎತ್ತುವಷ್ಟರಲ್ಲಿ ಕತ್ತರಿಸುತ್ತಿದ್ದರು. ಮೊದಲ ಸೀಸನ್ ಮುಗಿಯುತ್ತಿದ್ದಂತೆ ಕೈಬಿಟ್ಟವರ ಪಟ್ಟಿಯಲ್ಲಿ ಅವರ ಹೆಸರೂ ಇತ್ತು. ಹೊತ್ತು ಕಾಯುವುದೇ ಆ್ಯಂಕರ್ ಕೆಲಸ ಎಂದುಕೊಂಡರೆ ಹೊತ್ತು ಹೋಗದ ಕಾರ್ಯಕ್ರಮವಾಗುತ್ತದೆ.

ನಿಜವಾದ ಜಟಾಪಟಿ ಬಂದರೆ ಏನಾಗುತ್ತದೆ ಎಂಬುದಕ್ಕೂ ಒಂದು ನಿದರ್ಶನವಿದೆ. 2010ರ ಬ್ರಿಟನ್ನಿನ ‘ಎಕ್ಸ್ ಫ್ಯಾಕ್ಟರ್’ನ ಒಂದು ರಾತ್ರಿ, ಇಬ್ಬರು ಸ್ಪರ್ಧಿಗಳಲ್ಲಿ ಯಾರನ್ನು ಕಳಿಸಬೇಕೆಂದು ಹೇಳಲು ಜಡ್ಜ್ ಶೆರಿಲ್ ಕೋಲ್ ಒಪ್ಪಲಿಲ್ಲ, ಇಬ್ಬರೂ ಅವರ ಶಿಷ್ಯೆಯರೇ. ನೇರ ಪ್ರಸಾರ. ಆ್ಯಂಕರ್ ಡರ್ಮಟ್ ಒ’ಲಿಯರಿ ಆ ಗಳಿಗೆಯಲ್ಲಿ ನಗೆಮಾತಿನ ಕಡೆ ಹೋಗಲಿಲ್ಲ. ನಿಯಮ ಹಿಡಿದು, ಉಳಿದವರ ಮತದ ಮೇಲೆ ಮುಗಿಸಿದರು. ತಮಾಷೆ ಗೊತ್ತಿರುವ ಆ್ಯಂಕರ್‌ಗೆ ತಮಾಷೆ ಎಲ್ಲಿ ಬೇಡ ಎಂಬುದೂ ಗೊತ್ತಿರುತ್ತದೆ.

ಈಗ ನಮ್ಮ ಕಡೆ. 1995ರಲ್ಲಿ ಜೀ ಟಿ.ವಿ.ಯ ‘ಸರೆಗಮ’ ಶುರುವಾದಾಗ ಸೋನು ನಿಗಮ್ ಆ್ಯಂಕರ್. ಎದುರಿಗೆ ಕೂರುತ್ತಿದ್ದವರು ಸಂಗೀತದ ಘಟಾನುಘಟಿಗಳು. ಕಾಲೆಳೆಯುವುದಿರಲಿ, ಕಾಲು ಮುಟ್ಟುವುದೇ ಅಲ್ಲಿಯ ರೂಢಿ. 2004ರಲ್ಲಿ ‘ಇಂಡಿಯನ್ ಐಡಲ್’ ಬಂದಾಗ ಅದೇ ಸೋನು ನಿಗಮ್ ಅನು ಮಲಿಕ್, ಫರಾ ಖಾನ್ ಜೊತೆ ಮೇಜಿನ ಹಿಂದೆ ಕೂತರು. ಚೌಕಟ್ಟು ಬ್ರಿಟನ್ನಿನದು, ಮರ್ಯಾದೆ ನಮ್ಮದು. ಕೋವೆಲ್‌ಗೆ ಸೀಕ್ರೆಸ್ಟ್ ಅನ್ನುತ್ತಿದ್ದ ಮಾತನ್ನು ಇಲ್ಲಿ ಹಿರಿಯ ಸಂಗೀತಗಾರರಿಗೆ ಆ್ಯಂಕರ್ ಅಂದರೆ ಉದ್ಧಟತನ. ಹಾಗಾದರೆ ಜಗಳವನ್ನು ಎಲ್ಲಿಂದ ತರುವುದು? ಹಿಂದಿಯವರು ಕಂಡುಕೊಂಡ ದಾರಿ ಹುಸಿಪ್ರೇಮ. ‘ಝಲಕ್ ದಿಖ್‌ಲಾ ಜಾ’ದಲ್ಲಿ ಆ್ಯಂಕರ್ ಮನೀಶ್ ಪಾಲ್ ಜಡ್ಜ್ ಮಾಧುರಿ ದೀಕ್ಷಿತ್ ಎದುರು ಮಂಡಿಯೂರಿ ಸೋತ ಪ್ರೇಮಿಯಾದರು. ಹಾಸ್ಯ ಪೂರ್ತಿ ತನ್ನ ಮೇಲೆ, ದೇವತೆಗೆ ಧಕ್ಕೆಯಿಲ್ಲ. ಜಾಣ ಉಪಾಯ, ಕೆಳಗಿನಿಂದ ಮೇಲಕ್ಕೆ ಹೋಗುವ ತಮಾಷೆ ಯಾರನ್ನೂ ನೋಯಿಸುವುದಿಲ್ಲ.

2020ರ ‘ಇಂಡಿಯನ್ ಐಡಲ್’ ಈ ಹುಸಿಪ್ರೇಮವನ್ನು ಎಳೆದು ಎಳೆದು ಹರಿದು ಹಾಕಿತು. ಆ್ಯಂಕರ್ ಆದಿತ್ಯ ನಾರಾಯಣ್, ಜಡ್ಜ್ ನೇಹಾ ಕಕ್ಕರ್ ಮದುವೆ ಎಂದು ವಾರಗಟ್ಟಲೆ ಕಥೆ ಕಟ್ಟಿದರು. ಆದಿತ್ಯರ ತಂದೆ ಉದಿತ್ ನಾರಾಯಣ್ ಬೀಗರ ಠೀವಿಯಲ್ಲಿ ಬಂದು ಕೂತರು. ಫೆಬ್ರುವರಿ 14ರ ಸುತ್ತ ಸೆಟ್ಟಿನಲ್ಲಿ ಮದುವೆಯ ಅಣಕವೂ ಆಯಿತು. ಎಲ್ಲ ರೇಟಿಂಗಿಗಾಗಿ ಎಂಬುದು ಆಮೇಲೆ ಗುಟ್ಟಾಗಿ ಉಳಿಯಲಿಲ್ಲ. ಆ ವರ್ಷ ಮುಗಿಯುವುದರೊಳಗೆ ಇಬ್ಬರೂ ಬೇರೆ ಬೇರೆ ಸಂಗಾತಿಗಳನ್ನು ಮದುವೆಯಾದರು, ಸುಖವಾಗಿರಲಿ. ನನ್ನ ತಕರಾರು ನೈತಿಕತೆಯದಲ್ಲ. ಆ ವಾರಗಳಲ್ಲಿ ಹಾಡಿದವರ ಪಾಡೇನು? ದೂರದೂರದಿಂದ ಬಂದು ವಾರವಿಡೀ ತಾಲೀಮು ಮಾಡಿದ ಮಕ್ಕಳು ಮದುವೆ ಮನೆಯ ಓಲಗದವರಾದರು.

ಹಿಂದಿಯಿಂದ ಇನ್ನೊಂದು ಜೋಡಿಯನ್ನು ಹೇಳದೆ ಮುಂದೆ ಹೋಗಲಾರೆ, ಅದು ಹಾಡಿನ ಸ್ಪರ್ಧೆಯಲ್ಲದಿದ್ದರೂ. ಕಪಿಲ್ ಶರ್ಮಾ 2007ರಲ್ಲಿ ‘ದಿ ಗ್ರೇಟ್ ಇಂಡಿಯನ್ ಲಾಫ್ಟರ್ ಚಾಲೆಂಜ್’ ಗೆದ್ದಾಗ ನವಜೋತ್ ಸಿಂಗ್ ಸಿಧು ಆ ಸ್ಪರ್ಧೆಯ ಜಡ್ಜ್. ‘ಕಾಮಿಡಿ ಸರ್ಕಸ್’ನಲ್ಲಿ ಕಪಿಲ್ ಸ್ಪರ್ಧಿಸುವಾಗ ಜಡ್ಜ್ ಅರ್ಚನಾ ಪೂರಣ್ ಸಿಂಗ್. ಮುಂದೆ ಕಪಿಲ್‌ಗೆ ಸ್ವಂತ ಕಾರ್ಯಕ್ರಮವಾಯಿತು. ಪಕ್ಕದ ದೊಡ್ಡ ಕುರ್ಚಿಯಲ್ಲಿ ಮೊದಲು ಸಿಧು ಕೂತರು, 2019ರಿಂದ ಅರ್ಚನಾ. ಆ ಕುರ್ಚಿಯನ್ನು ಸಿಧುವಿನಿಂದ ಕಿತ್ತುಕೊಂಡಿರಿ ಎಂದು ಕಪಿಲ್ ಅರ್ಚನಾರನ್ನು ಹಂಗಿಸದ ವಾರವಿಲ್ಲ. ಅಂಕ ಕೊಡುತ್ತಿದ್ದವರು ನಗಲು ಕೂತಿದ್ದಾರೆ, ಅಂಕ ಬೇಡುತ್ತಿದ್ದವರು ಯಜಮಾನರಾಗಿದ್ದಾರೆ. ಈ ಹಂಗಿಸುವಿಕೆ ಇಷ್ಟು ವರ್ಷವಾದರೂ ಹಳಸದಿರಲು ಈ ಹಿನ್ನೆಲೆಯೇ ಕಾರಣ ಎಂದು ನನ್ನ ಊಹೆ.

ಕನ್ನಡಕ್ಕೆ ಬಂದರೆ, 2000ದ ದಶಕದ ನೋಡುಗರಿಗೆ ಹಾಡಿನ ಸ್ಪರ್ಧೆ ಎಂದರೆ ಈಟಿವಿಯ ‘ಎದೆ ತುಂಬಿ ಹಾಡುವೆನು’. ಅಲ್ಲಿ ಜಗಳಕ್ಕೆ ಜಾಗವೇ ಇರಲಿಲ್ಲ. ನಡೆಸಿಕೊಡುವವರೂ ತಿದ್ದುವವರೂ ಎಸ್.ಪಿ. ಬಾಲಸುಬ್ರಹ್ಮಣ್ಯಂ ಒಬ್ಬರೇ. ತಮಾಷೆ ಬೇಕಾದಷ್ಟಿತ್ತು. ಪೂರಾ ಅದು ಎಸ್‌ಪಿಬಿ ತಮ್ಮ ಮೇಲೆ ತಾವೇ ಮಾಡಿಕೊಳ್ಳುತ್ತಿದ್ದುದು. ಶ್ರುತಿ ತಪ್ಪಿದ ಹುಡುಗನಿಗೆ, ಈ ಸಾಲಿನಲ್ಲಿ ನಾನೂ ಒದ್ದಾಡಿದ್ದೆ ಎಂಬ ಧಾಟಿಯಲ್ಲಿ ರೆಕಾರ್ಡಿಂಗಿನ ಕಥೆಯೊಂದನ್ನು ಹೇಳಿ, ಆಮೇಲೆ ತಪ್ಪು ತೋರಿಸುವರು. ನಿಂತು ವಕಾಲತ್ತು ಮಾಡುವವರೂ ಕೂತು ತೀರ್ಪು ಕೊಡುವವರೂ ಒಂದೇ ಮೈಯಲ್ಲಿದ್ದರು. 2020ರಲ್ಲಿ ಅವರು ತೀರಿಕೊಂಡ ಮೇಲೆ, 2021ರಲ್ಲಿ ಕಲರ್ಸ್ ಕನ್ನಡ ಅದೇ ಹೆಸರಿನಲ್ಲಿ ಕಾರ್ಯಕ್ರಮ ತಂದಿತು. ಜಡ್ಜ್‌ಗಳಾಗಿ ಮೂವರನ್ನು, ರಾಜೇಶ್ ಕೃಷ್ಣನ್, ವಿ. ಹರಿಕೃಷ್ಣ, ರಘು ದೀಕ್ಷಿತ್ ಅವರನ್ನು ಕೂರಿಸಬೇಕಾಯಿತು.

ಜೀ ಕನ್ನಡದ ‘ಸರಿಗಮಪ’ ಬೇರೆಯ ಹಾದಿ. ಹಂಸಲೇಖ ಮಹಾಗುರು, ವಿಜಯ್ ಪ್ರಕಾಶ್, ಅರ್ಜುನ್ ಜನ್ಯ, ರಾಜೇಶ್ ಕೃಷ್ಣನ್ ಮೇಜಿನಲ್ಲಿ, ವೇದಿಕೆಯ ಮೇಲೆ ಅನುಶ್ರೀ. ಇಲ್ಲಿನ ಕಟ್ಟಳೆ ಬರೆದಿಟ್ಟದ್ದಲ್ಲ, ಆದರೆ ಎಲ್ಲರಿಗೂ ಗೊತ್ತು. ಮಹಾಗುರುಗಳನ್ನು ಕೆಣಕುವಂತಿಲ್ಲ. ಉಳಿದವರನ್ನು ‘ಸರ್’ ಸೇರಿಸಿಕೊಂಡು ಕೆಣಕಬಹುದು. ಅವರು ಆ್ಯಂಕರ್ ಅನ್ನು ಎಷ್ಟು ಬೇಕಾದರೂ ಕೆಣಕಬಹುದು. ಅಮೆರಿಕದಲ್ಲಿ ಸಮ ಸಮ ಹರಿದಾಡುತ್ತಿದ್ದ ಮಾತು ಇಲ್ಲಿ ಹೆಚ್ಚಾಗಿ ಮೇಜಿನಿಂದ ವೇದಿಕೆಗೆ ಇಳಿಯುತ್ತದೆ. ಯಕ್ಷಗಾನದಲ್ಲಿ ಹಾಸ್ಯಗಾರ ಕೂತ ಭಾಗವತರನ್ನೇ ಮಾತಿಗೆಳೆಯುತ್ತಾನೆ, ಭಾಗವತರು ಅದಕ್ಕೆ ಸಿಡಿಮಿಡಿಗೊಂಡಂತೆ ನಟಿಸಿ ಅವಕಾಶ ಕೊಡುತ್ತಾರೆ. ಅಷ್ಟು ಹಳೆಯ ಪರವಾನಗಿಯೊಂದು ನಮ್ಮಲ್ಲಿದ್ದೂ ಟಿ.ವಿ. ಅದನ್ನು ಪಡೆದುಕೊಳ್ಳಲಿಲ್ಲವಲ್ಲ ಎಂದು ಒಮ್ಮೊಮ್ಮೆ ಅನ್ನಿಸುವುದುಂಟು.

ಅನುಶ್ರೀ ಮದುವೆ ಯಾವಾಗ? ವರ್ಷಗಟ್ಟಲೆ ಆ ಚಾನೆಲ್ಲಿನ ವೇದಿಕೆಗಳಲ್ಲಿ ಈ ಪ್ರಶ್ನೆ ಸವೆಯದ ನಾಣ್ಯವಾಗಿ ಓಡಾಡಿತು. ಜಡ್ಜ್ ಕೇಳಿದರು, ಅತಿಥಿ ನಟರು ಕೇಳಿದರು. ಅವರು ನಕ್ಕರು, ನಾಚಿದಂತೆ ಮಾಡಿದರು, ತಿರುಗಿ ಚುಚ್ಚಿದರು. ಪಳಗಿದ ನಿರೂಪಕಿ, ಪ್ರತಿ ಸಲವೂ ಆ ಚೆಂಡನ್ನು ಹಿಡಿದು ಸಭೆಗೆ ನಗು ಹಂಚಿದರು. 2025ರ ಆಗಸ್ಟ್‌ನಲ್ಲಿ ಅವರ ಮದುವೆಯಾದಾಗ ನಾಡಿಗೆ ನಾಡೇ ತನ್ನ ಮನೆ ಮಗಳ ಮದುವೆ ಎಂಬಂತೆ ಸಂಭ್ರಮಿಸಿತು. ಪ್ರೀತಿ ಇತ್ತು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಅದೇ ವಯಸ್ಸಿನ ಗಂಡು ನಿರೂಪಕರಿಗೆ ಈ ಪ್ರಶ್ನೆ ಇಷ್ಟು ವರ್ಷ ಬಿಡದೆ ಕಾಡಿತೇ? ಸೀಕ್ರೆಸ್ಟ್‌ರ ಬೂಟಿನಿಂದ ಶುರುವಾದ ಕುಚೋದ್ಯಕ್ಕೂ ಇದಕ್ಕೂ ಒಂದೇ ಬೇರು. ಕೆಲಸದಲ್ಲಿ ತಪ್ಪು ಸಿಗದವರ ಸ್ವಂತ ಬದುಕಿಗೆ ಕೈಹಾಕುವುದು.

ಮಕ್ಕಳ ಕಾರ್ಯಕ್ರಮಗಳಲ್ಲಿ ಮಾತ್ರ ಕನ್ನಡ ತನ್ನದೇ ಹದ ಕಂಡುಕೊಂಡಿತು. 2016ರಲ್ಲಿ ಬಂದ ‘ಡ್ರಾಮಾ ಜೂನಿಯರ್ಸ್’ನಲ್ಲಿ ಮಾಸ್ಟರ್ ಆನಂದ್ ನಿರೂಪಕರು, ಲಕ್ಷ್ಮಿ, ಟಿ.ಎನ್. ಸೀತಾರಾಂ, ವಿಜಯ್ ರಾಘವೇಂದ್ರ ತೀರ್ಪುಗಾರರು. ಬಾಲನಟರಾಗಿ ಬೆಳೆದ ಆನಂದ್‌ಗೆ ಮಕ್ಕಳ ಪಕ್ಕ ನಿಲ್ಲುವುದು ಗೊತ್ತು. ಜಡ್ಜ್‌ಗಳನ್ನು ತಾವು ಕೆಣಕುವ ಬದಲು ಮಕ್ಕಳ ಬಾಯಲ್ಲಿ ಕೆಣಕಿಸಿದರು. ಆರು ವರ್ಷದ ಕೂಸು ಹಿರಿಯ ನಟಿಗೆ ಎದುರುತ್ತರ ಕೊಟ್ಟರೆ ಯಾರ ಮರ್ಯಾದೆಗೂ ಕುಂದಿಲ್ಲ. ಪೆಟ್ಟು ತಿನ್ನಬೇಕಾದವರ ಕೈಗೇ ಕೋಲು ಕೊಟ್ಟ ಹಾಗಾಯಿತು. ಆ ಮಾತುಗಳಲ್ಲಿ ಎಷ್ಟು ಮಗುವಿನದು, ಎಷ್ಟು ಬರೆದುಕೊಟ್ಟದ್ದು ಎಂಬುದು ಬೇರೆ ಪ್ರಶ್ನೆ.

ಎಲ್ಲರೂ ಕೇಳುವುದೂ ಇದನ್ನೇ: ಇದೆಲ್ಲ ಮೊದಲೇ ಬರೆದದ್ದೇ? ಹೌದು ಎಂದರೂ ಅಲ್ಲ ಎಂದರೂ ಸುಳ್ಳಾಗುತ್ತದೆ. ರೆಕಾರ್ಡ್ ಮಾಡುವ ಕಾರ್ಯಕ್ರಮಗಳಲ್ಲಿ ಬರಹಗಾರರಿರುತ್ತಾರೆ. ಈ ವಾರದ ಎಳೆ ಇದು ಎಂದು ಮೊದಲೇ ಗೊತ್ತಿರುತ್ತದೆ. ಎಳೆ ಸಿಕ್ಕ ಮೇಲೆ ಹೆಣೆಯುವುದು ಆ ಇಬ್ಬರಿಗೆ ಬಿಟ್ಟದ್ದು. ನಂತರ ಎಡಿಟಿಂಗ್ ಮೇಜಿನಲ್ಲಿ ಅರ್ಧ ಜಗಳ ಹುಟ್ಟುತ್ತದೆ: ಒಂದು ಮಾತು, ಅದಕ್ಕೆ ಜಡ್ಜ್‌ನ ಹುಬ್ಬು ಗಂಟಿಕ್ಕಿದ ಒಂದು ಶಾಟ್, ಅದು ಬೇರೆ ಯಾವ ಗಳಿಗೆಯದೋ. ನೇರ ಪ್ರಸಾರದಲ್ಲಿ ಆ ಸೌಲಭ್ಯವಿಲ್ಲ. ಸೀಕ್ರೆಸ್ಟ್–ಕೋವೆಲ್ ಜೋಡಿಯ ಮಾತಿಗೆ ಇದ್ದ ಹಸಿತನ ಅದರಿಂದಲೇ, ಎಡವಿದ್ದೂ ಅದರಿಂದಲೇ.

ಈಚೆಗೆ ಮೊಬೈಲಿಗೆಂದು ಕತ್ತರಿಸುವ ತುಣುಕುಗಳು ಇದನ್ನು ಇನ್ನಷ್ಟು ಕೆಡಿಸಿವೆ. ಅರ್ಧ ನಿಮಿಷದ ಪ್ರೋಮೋಗೆ ಹಾಡು ಹಿಡಿಸುವುದಿಲ್ಲ, ಚುಚ್ಚುಮಾತು ಹಿಡಿಸುತ್ತದೆ. ಹುಡುಗಿಯ ತುಟಿ ಅದುರಿದ್ದನ್ನು ನೋಡಿ ಆ್ಯಂಕರ್ ಮಾತು ಬಿಟ್ಟರು ಎಂಬುದು ತುಣುಕಿನಲ್ಲಿ ಕಾಣುವುದಿಲ್ಲ. ಕಾರಣ ಕತ್ತರಿಸಿಹೋಗಿ ಮಾತು ಮಾತ್ರ ಉಳಿಯುತ್ತದೆ. ತುಣುಕು ಓಡುತ್ತದೆಂದು ಗೊತ್ತಾದ ಮೇಲೆ ತುಣುಕಿಗಾಗಿಯೇ ಮಾತು ಹುಟ್ಟುತ್ತದೆ.

ಅತ್ತ ಅಮೆರಿಕದಲ್ಲಿ ‘ಐಡಲ್’ 2016ರಲ್ಲಿ ಫಾಕ್ಸ್‌ನಲ್ಲಿ ಮುಗಿದು 2018ರಲ್ಲಿ ಎಬಿಸಿಯಲ್ಲಿ ಮತ್ತೆ ಹುಟ್ಟಿತು. ಮೇಜಿನ ಹಿಂದಿನ ಮುಖಗಳು ಎಷ್ಟೋ ಸಲ ಬದಲಾಗಿವೆ. ನಿಂತವರು ಸೀಕ್ರೆಸ್ಟ್ ಒಬ್ಬರೇ. 2025ರ ಮಾರ್ಚ್‌ನಲ್ಲಿ ಅಲ್ಲಿಗೆ ಹೊಸ ಜಡ್ಜ್ ಆಗಿ ಬಂದವರು ಕ್ಯಾರಿ ಅಂಡರ್‌ವುಡ್, 2005ರ ವಿಜೇತೆ. ಒಕ್ಲಹೋಮಾದಿಂದ ಬಂದಿದ್ದ ಇಪ್ಪತ್ತೆರಡರ ಹುಡುಗಿ ಕೋವೆಲ್‌ರ ಮಾತಿಗೆ ಕಾಯುತ್ತ ನಿಂತಾಗ ಪಕ್ಕದಲ್ಲಿ ಮೈಕ್ ಹಿಡಿದಿದ್ದವರು ಇದೇ ಸೀಕ್ರೆಸ್ಟ್. ಈಗ ಅವರು ಅವಳ ಜಾಗದಲ್ಲಿ ನಿಂತ ಇನ್ಯಾರದೋ ಪರವಾಗಿ ಅವಳನ್ನೇ ಕೆಣಕಬೇಕು. ಸರಕಿಗೇನೂ ಬರವಿಲ್ಲ, ಅವಳ ಆಡಿಷನ್ ಟೇಪು ಅವರ ಬಳಿಯೇ ಇದೆ.